ಇಸಿಜಿಯ ಕೀಲಿ ಯಾರ ಕೈಯಲ್ಲಿರಬೇಕು?

2023ರಲ್ಲಿ ಶುರುವಾದ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ನಿಮಿಷಗಳಲ್ಲೇ ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರನ್ನು ತಲುಪುತ್ತದೆ. ಕಾಕನಕೋಟೆಯಂಥ ಕಾಡಂಚಿನ ಸೀಮೆಗೆ ಇಂಥ ವ್ಯವಸ್ಥೆ ಜೀವದಾನವೇ. ಆದರೆ ಆ ದಾಖಲೆಯನ್ನು ಯಾರೆಲ್ಲ ತೆರೆಯಬಹುದು? 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ದಾಳಿಯಾಗಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಯಿತು. ಹಾಗಾಗಿ ಸರ್ವರಿನ ಹೊರಬಾಗಿಲು ಕಾದರಷ್ಟೇ ಸಾಲದು. ದಾಖಲೆಯನ್ನೇ ಗೂಢಲಿಪಿಗೆ ತಿರುಗಿಸಿ, ಚಿಕಿತ್ಸೆ ನೀಡುತ್ತಿರುವ ವೈದ್ಯರ ಅರ್ಹತೆಗೇ ಕೀಲಿಯನ್ನು ಬೆಸೆಯಬೇಕು. ಆಗ ಕದ್ದವನಿಗೆ ಅದನ್ನು ಓದಲಾಗದು. ಇಸಿಜಿಯಷ್ಟೇ ಅಲ್ಲ, ಆದಿವಾಸಿ ಹಾಡಿಯ ಹೆಣ್ಣುಮಗಳ ಸಿಕಲ್ ಸೆಲ್ ರಕ್ತರೋಗದ ಪರೀಕ್ಷೆಯ ಫಲಿತಾಂಶವೂ ಸೋರಿ ಮದುವೆ ಮಾತುಕತೆಗೆ ಅಡ್ಡ ಬರಕೂಡದು.

ತುರ್ತಿನಲ್ಲಿ ಕೀಲಿ ಸಿಗದೆ ಜೀವ ಹೋದರೆ ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕಾಗಿ ತುರ್ತು ಕೀಲಿಯೊಂದಿರಲಿ, ಬಳಸಿದವರ ಹೆಸರು, ಹೊತ್ತು ಅಳಿಸಲಾಗದಂತೆ ದಾಖಲಾಗಲಿ. ಸಣ್ಣ ಇಸಿಜಿ ಯಂತ್ರಕ್ಕೆ ಗೂಢಲಿಪಿಯ ಲೆಕ್ಕ ಭಾರವಾದರೆ, ಆಸ್ಪತ್ರೆಯೊಳಗಿನ ಕಂಪ್ಯೂಟರ್ ಆ ಹೊರೆ ಹೊರಬಲ್ಲದು.