ಪ್ರಶ್ನೆ ಬರೆದವನಾರು?

ಮೊಬೈಲಿನಲ್ಲಿ ರಾಜಕೀಯ ಪ್ರಶ್ನಾವಳಿಗಳು ಬರುತ್ತಿವೆ. ಕೆಲವು ವಾಕ್ಯಗಳಿಗೆ 'ಒಪ್ಪುತ್ತೇನೆ', 'ಒಪ್ಪುವುದಿಲ್ಲ' ಎಂದು ಗುರುತು ಹಾಕಿದರೆ ಸಾಕು, ನೀವು ಎಡಪಂಥೀಯರೋ ಬಲಪಂಥೀಯರೋ ಎಂಬ ತೀರ್ಪು ಹೊರಬೀಳುತ್ತದೆ. "ನಾನು ನಂಬಿದ್ದು ಒಂದು, ಯಂತ್ರ ಹೇಳುವುದು ಇನ್ನೊಂದು, ಯಾವುದು ದಿಟ?" ಎಂದು ಕೇಳುವವರಿದ್ದಾರೆ. ಕೇಳತಕ್ಕ ಮಾತೇ.

ಎಡ, ಬಲ ಎಂಬ ಹೆಸರುಗಳು ಹುಟ್ಟಿದ್ದು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ. ದೊರೆಗೆ ನಿಷೇಧಾಧಿಕಾರ ಇರಲೆಂದವರು ಅಧ್ಯಕ್ಷರ ಬಲಗಡೆ, ಬೇಡವೆಂದವರು ಎಡಗಡೆ ಕುಳಿತರು. ಮನುಷ್ಯನ ವಿಚಾರಗಳನ್ನೆಲ್ಲ ಈ ಒಂದೇ ಗೆರೆಯ ಮೇಲೆ ಕೂರಿಸಲು ಬಾರದೆಂದು ಕಂಡವರು ಮುಂದೆ ಎರಡನೆಯ ಗೆರೆ ಎಳೆದರು.

ಅಮೆರಿಕದ ಡೇವಿಡ್ ನೋಲನ್ 1971ರಲ್ಲಿ ಇಂತಹ ಒಂದು ನಕ್ಷೆ ಪ್ರಕಟಿಸಿದರು. ಆರ್ಥಿಕ ಸ್ವಾತಂತ್ರ್ಯ ಒಂದು ಅಳತೆ, ವೈಯಕ್ತಿಕ ಸ್ವಾತಂತ್ರ್ಯ ಇನ್ನೊಂದು. ಅವರು ಅದೇ ವರ್ಷ ಹುಟ್ಟಿದ ಲಿಬರ್ಟೇರಿಯನ್ ಪಕ್ಷದ ಸ್ಥಾಪಕರಲ್ಲೊಬ್ಬರು. ಸರ್ಕಾರವು ವ್ಯಾಪಾರದಲ್ಲೂ ವ್ಯಕ್ತಿಯ ಬಾಳಿನಲ್ಲೂ ಆದಷ್ಟು ಕೈಹಾಕಬಾರದೆಂಬುದು ಆ ಪಕ್ಷದ ಮತ. ಎರಡು ಅಳತೆಗಳಲ್ಲೂ ಪೂರ್ಣ ಅಂಕ ಬರುವುದು ಆ ಮತದವರಿಗೇ! ಕೂಲಿ ಇಷ್ಟಕ್ಕಿಂತ ಇಳಿಯಕೂಡದೆಂಬ ಕಾನೂನೇ ತನ್ನ ಸ್ವಾತಂತ್ರ್ಯವೆಂದು ಬಗೆಯುವ ಕಾರ್ಮಿಕನು ಆ ಕಾಗದದಲ್ಲಿ ಸ್ವಾತಂತ್ರ್ಯದ ವಿರೋಧಿಯಾಗುತ್ತಾನೆ. ಪ್ರಶ್ನೆಪತ್ರಿಕೆ ಬರೆದವನೇ ಉತ್ತರದ ಅರ್ಧಭಾಗವನ್ನೂ ಬರೆದಿರುತ್ತಾನೆ.

ನಮ್ಮ ಕಡೆಗೆ ವಾಲಿದ ಪ್ರಶ್ನೆಯೂ ಇದಕ್ಕೆ ಹೊರತಲ್ಲ. 2001ರಿಂದ ನಡೆಯುತ್ತಿರುವ 'ಪೊಲಿಟಿಕಲ್ ಕಂಪಾಸ್' ಪ್ರಶ್ನಾವಳಿಯ ಒಂದು ವಾಕ್ಯದ ಭಾವ ಇದು: ಜಾಗತೀಕರಣವು ಬಹುರಾಷ್ಟ್ರೀಯ ಕಂಪನಿಗಳ ಹಿತಕ್ಕಿಂತ ಮೊದಲು ಮಾನವಕುಲದ ಹಿತ ಕಾಯಬೇಕು. ಇದಕ್ಕೆ ಇಲ್ಲವೆನ್ನುವವರು ಯಾರು? ಗಿರಣಿ ಮಾಲೀಕನೂ ಹೌದೆಂದಾನು. ಆ ಒಂದು ಹೌದನ್ನು ನೆಚ್ಚಿ ಅವನನ್ನು ನಮ್ಮವನೆಂದು ಎಣಿಸಿದರೆ ಮೋಸಹೋಗುವವರು ನಾವೇ.

ಇದಕ್ಕಿಂತ ಮೇಲಾದ ಕ್ರಮವೂ ಇದೆ. ಜರ್ಮನಿಯಲ್ಲಿ 2002ರಿಂದ ಚುನಾವಣೆಗಳ ಮುನ್ನ 'ವಾಲ್-ಓ-ಮಾಟ್' ಎಂಬ ಪ್ರಶ್ನಾವಳಿ ಬರುತ್ತದೆ. ಅದರಲ್ಲಿ 38 ವಾಕ್ಯಗಳು. ಅವುಗಳಿಗೆ ಪಕ್ಷಗಳೇ ತಮ್ಮ ಉತ್ತರ ಕೊಟ್ಟಿರುತ್ತವೆ. ಮತದಾರನು ತನಗೆ ಮುಖ್ಯವೆನಿಸಿದ ವಾಕ್ಯಕ್ಕೆ ಇಮ್ಮಡಿ ತೂಕ ಕೊಡಬಹುದು. ಆದರೂ ಅಲ್ಲಿಯೂ ಜಗಳ ಬಂತು. ಒಮ್ಮೆಗೆ ಎಂಟು ಪಕ್ಷಗಳನ್ನು ಮಾತ್ರ ಹೋಲಿಸಬಹುದೆಂಬ ಕಟ್ಟಳೆಯಿಂದ ಸಣ್ಣ ಪಕ್ಷಗಳಿಗೆ ಅನ್ಯಾಯವೆಂದು 2019ರಲ್ಲಿ ಕೊಲೋನ್ ನಗರದ ನ್ಯಾಯಾಲಯ ಅದನ್ನು ತಡೆಹಿಡಿಯಿತು. ಲೆಕ್ಕ ಹಾಕುವ ರೀತಿಯಲ್ಲಿಯೂ ರಾಜಕೀಯ ಅಡಗಿರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಸಣ್ಣ ವ್ಯಾಪಾರಿಯನ್ನೇ ನೋಡಿ. ತೆರಿಗೆ ಇಳಿಯಲಿ ಎನ್ನುತ್ತಾನೆ; ಅದನ್ನು ಬಲಕ್ಕೆ ಬರೆಯುತ್ತಾರೆ. ನಷ್ಟದ ಬೆಲೆಗೆ ಮಾರಿ ಅಂಗಡಿ ಮುಚ್ಚಿಸುವ ದೊಡ್ಡ ಬಂಡವಾಳಕ್ಕೆ ಕಡಿವಾಣ ಬೇಕೆನ್ನುತ್ತಾನೆ. ಅದನ್ನು ಎಡಕ್ಕೆ ಬರೆಯುತ್ತಾರೆ. ಕೂಡಿ ಕಳೆದು 'ನಡುಪಂಥೀಯ' ಎನ್ನುತ್ತಾರೆ. ಅವನು ನಡುವೆ ನಿಂತಿಲ್ಲ, ತನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾನೆ. ಎರಡು ಮಾತೂ ಒಂದೇ ಬದುಕಿನಿಂದ ಬಂದವು.

ಇನ್ನು ಯಾವ ಪ್ರಶ್ನಾವಳಿಯೂ ಅಳೆಯಲಾರದ ಒಂದು ಸಂಗತಿಯಿದೆ. ಜಾತಿ ಅಳಿಯಲಿ ಎಂಬ ವಾಕ್ಯಕ್ಕೆ ಗುರುತು ಹಾಕಲು ಒಂದು ಬೆರಳು ಸಾಕು; ಮಗಳ ಮದುವೆಯ ಮಾತು ಬಂದಾಗ ಆ ವಾಕ್ಯದಂತೆ ನಡೆಯಲು ಎದೆ ಬೇಕು. ಗುತ್ತಿಗೆಯ ಕಾರ್ಮಿಕನಿಗೂ ಸಮಾನ ಕೂಲಿ ಎಂದು ಒಪ್ಪುವುದು ಸುಲಭ. ಅವನ ಪರವಾಗಿ ಒಂದು ದಿನದ ಸಂಬಳ ಬಿಟ್ಟು ಗೇಟಿನಲ್ಲಿ ನಿಲ್ಲುವುದು ಕಷ್ಟ. ನಂಬಿಕೆ ಎಂದರೆ ಬೆಲೆ ತೆರಲು ಒಪ್ಪಿದ ಅಭಿಪ್ರಾಯ.

ಹಾಗೆಂದು ಪ್ರಶ್ನಾವಳಿಯನ್ನು ಮುಟ್ಟಬೇಡಿರೆಂದು ನಾವು ಹೇಳುವುದಿಲ್ಲ. ಅದು ನಾಲ್ಕು ಜನ ಕುಳಿತು ವಾದಿಸಲು ನೆಪವಾಗುವುದಾದರೆ ಒಳ್ಳೆಯದೇ. ಗುರುತು ಹಾಕಿರಿ, ಆದರೆ ಬಂದ ಅಂಕವನ್ನು ಅಲ್ಲಿಯೇ ಬಿಡಿರಿ. ಅದು ಕೇಳದೆ ಬಿಟ್ಟ ಪ್ರಶ್ನೆಗಳನ್ನು, ನಿಮ್ಮ ಕೂಲಿಯ, ಬಾಡಿಗೆಯ, ಮಕ್ಕಳ ಶಾಲೆಯ ಪ್ರಶ್ನೆಗಳನ್ನು, ಒಂದು ಹಾಳೆಯಲ್ಲಿ ಬರೆದಿಡಿರಿ. ಮತ ಕೇಳಲು ಬಂದವರು ಯಾರೇ ಇರಲಿ, ನಮ್ಮವರೇ ಇರಲಿ, ಆ ಹಾಳೆಯನ್ನು ಮುಂದಿಟ್ಟು ಉತ್ತರ ಕೇಳಿರಿ.