ಬೋರ್ಮಾ ನೋಡದ ಎಂಬಿಎ

ಎಂಬಿಎ ಎರಡನೇ ವರ್ಷಕ್ಕೆ ಹೋಗುವಾಗ ವಿದ್ಯಾರ್ಥಿಗಳು ಒಂದು ಫಾರ್ಮಿನಲ್ಲಿ ಟಿಕ್ ಹಾಕಬೇಕು: ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್, ಆಪರೇಷನ್ಸ್. ಇಂಜಿನಿಯರಿಂಗ್ ಓದಿ ಬಂದವರ ಕೈ ನಾಲ್ಕನೆಯದರ ಕಡೆ ಹೋಗುವುದು ಸಹಜ. ಉಡುಪಿಯ ಬನ್ನಂಜೆಯ ಮನೆಯಲ್ಲಿ ಅಪ್ಪ ಅಮ್ಮ ‘ಅದರಲ್ಲಿ ಎಂತ ಕಲಿಸ್ತಾರೆ?’ ಎಂದು ಕೇಳಿದರೆ ಮಗಳು ತಡವರಿಸುತ್ತಾಳೆ. ಉತ್ತರ ಕಷ್ಟದ್ದೇನಲ್ಲ. ಜನ, ಸಾಮಾನು, ಯಂತ್ರ, ಹೊತ್ತು ಇಷ್ಟನ್ನೂ ಹೊಂದಿಸಿ, ಕೆಲಸ ಎಲ್ಲೂ ಕಟ್ಟಿಕೊಳ್ಳದೆ, ಎಲ್ಲೂ ಪೋಲಾಗದೆ ಸಾಗುವ ಹಾಗೆ ನೋಡಿಕೊಳ್ಳುವ ವಿದ್ಯೆ ಅದು. ಉಡುಪಿ, ಮಣಿಪಾಲ, ನಿಟ್ಟೆಯ ಸುತ್ತ ಈ ವಿದ್ಯೆಗೆ ಕಾಲೇಜುಗಳೂ ಇವೆ, ಕಲಿಯಲು ಜಾಗಗಳೂ ಇವೆ.

ಆದರೆ ಎರಡರ ನಡುವಿನ ದಾರಿಯಲ್ಲಿ ಹುಲ್ಲು ಬೆಳೆಯುತ್ತಿದೆ. ಆಪರೇಷನ್ಸ್ ಓದು ಕೆಲಸ ನಡೆಯುವ ಜಾಗ ಬಿಟ್ಟು ಲ್ಯಾಪ್‌ಟಾಪಿನೊಳಗೆ ಹೋಗಿ ಕೂರುತ್ತಿದೆ. ಇನ್ನೂ ಯಾವ ಅನಾಹುತವೂ ಆಗಿಲ್ಲ. ಸೀಟು ತುಂಬುತ್ತಿವೆ, ಪ್ಲೇಸ್‌ಮೆಂಟ್ ದಿನ ಕಂಪನಿಗಳೂ ಬರುತ್ತಿವೆ. ಅನಾಹುತವಾದ ಮೇಲೆ ಹೇಳಲು ಎಷ್ಟೋ ಜನ ಇರುತ್ತಾರೆ. ಈಗಲೇ ಹೇಳಿಬಿಡುವುದು ವಾಸಿ.

ಪಠ್ಯದ ಬೆನ್ನೆಲುಬು ಏನೆಂದು ನೋಡಿ. ಎಷ್ಟು ಸಾಮಾನು ಯಾವಾಗ ತರಿಸಬೇಕೆಂಬ ಸೂತ್ರ 1913ರದು. ಗುಣಮಟ್ಟ ಹದ ತಪ್ಪುತ್ತಿದೆಯೇ ಎಂದು ತೋರಿಸುವ ಶ್ಯೂಹಾರ್ಟ್‌ನ ಚಾರ್ಟು 1924ರದು. ಇರುವ ಸಾಧನಗಳನ್ನು ಅತಿ ಹೆಚ್ಚು ಪ್ರಯೋಜನವಾಗುವಂತೆ ಹಂಚುವ ಡಾಂಟ್ಸಿಗ್‌ನ ಸಿಂಪ್ಲೆಕ್ಸ್ ವಿಧಾನ 1947ರದು. ಸರದಿಯ ಉದ್ದಕ್ಕೂ ಕಾಯುವ ಹೊತ್ತಿಗೂ ಇರುವ ಸಂಬಂಧವನ್ನು ಲಿಟ್ಲ್ ಸಾಧಿಸಿ ತೋರಿಸಿದ್ದು 1961ರಲ್ಲಿ. ಎಲ್ಲವೂ ಅಪ್ಪಟ ಚಿನ್ನ, ಅನುಮಾನವಿಲ್ಲ. ಆದರೆ ಈ ಲೆಕ್ಕಗಳನ್ನು ಕೈಯಲ್ಲಿ ಬಿಡಿಸಬಲ್ಲವರಿಗೆ ಒಂದು ಕಾಲದಲ್ಲಿ ಇದ್ದ ಬೆಲೆ ಈಗಿಲ್ಲ. ಎಕ್ಸೆಲ್ ಬಂದಾಗ ಅರ್ಧ ಇಳಿಯಿತು, ಕೃತಕ ಬುದ್ಧಿಮತ್ತೆ ಬಂದ ಮೇಲೆ ಉಳಿದ ಅರ್ಧವೂ ಇಳಿಯುತ್ತಿದೆ. ಪ್ರಶ್ನೆ ಟೈಪ್ ಮಾಡಿದರೆ ಅದು ಸೂತ್ರ ಹುಡುಕುತ್ತದೆ, ಬಿಡಿಸುತ್ತದೆ, ವರದಿಯನ್ನೂ ಬರೆದುಕೊಡುತ್ತದೆ. ಯಾವ ಪ್ರಶ್ನೆ ಕೇಳಬೇಕು, ಕೈಗೆ ಬಂದ ಅಂಕಿ ನಿಜವೋ ಯಾರೋ ಸಂಜೆ ಕೂತು ತುಂಬಿಸಿದ್ದೋ, ಇದನ್ನು ಪತ್ತೆಹಚ್ಚುವುದು ಮಾತ್ರ ನೋಡಿದವರಿಗೆ ಸಾಧ್ಯ. ನೋಡುವ ಆ ಭಾಗವನ್ನೇ ನಾವು ಕೈಬಿಡುತ್ತಿದ್ದೇವೆ.

ಉಡುಪಿ ಕೃಷ್ಣಮಠದ ಪರ್ಯಾಯಕ್ಕೆ ಮುನ್ನ ನಡೆಯುವ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತಗಳನ್ನು ಹೆಸರಿಸಿ ‘ನಮ್ಮವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು’ ಎಂದು ಚಪ್ಪಾಳೆ ಗಿಟ್ಟಿಸುವ ಭಾಷಣಗಳು ಬೇಕಾದಷ್ಟಾಗಿವೆ. ಅದನ್ನು ಬಿಟ್ಟು ಬನ್ನಂಜೆಯ ಬಸ್‌ಸ್ಟಾಪಿಗೇ ಬರೋಣ. ಮಲ್ಪೆ ಕಡೆಯ ಸಿಟಿ ಬಸ್ಸಿಗೆ ಕಾಯುವವರು ಹೇಳುವುದು ಒಂದೇ ಮಾತು: ಬಂದರೆ ಎರಡು ಒಟ್ಟಿಗೆ, ಇಲ್ಲದಿದ್ದರೆ ಒಂದೂ ಇಲ್ಲ. ಈ ಗೊಣಗಾಟದಲ್ಲಿ ಸರಿಯಾದ ಲೆಕ್ಕವಿದೆ. 10 ನಿಮಿಷಕ್ಕೊಂದು ಬಸ್ ಎಂದು ಇಟ್ಟುಕೊಳ್ಳಿ. ಅಂತರ ತಪ್ಪದೆ ಬಂದರೆ, ಯಾವುದೋ ಹೊತ್ತಿಗೆ ಸ್ಟಾಪಿಗೆ ಬಂದವರು ಸರಾಸರಿ 5 ನಿಮಿಷ ಕಾಯುತ್ತಾರೆ. ಅವೇ ಬಸ್ಸುಗಳು ಜೋಡಿಯಾಗಿ 20 ನಿಮಿಷಕ್ಕೊಮ್ಮೆ ಬಂದರೆ 10 ನಿಮಿಷ. ಬಸ್ಸುಗಳು ಅಷ್ಟೇ, ಡೀಸೆಲ್ ಅಷ್ಟೇ, ಸಂಬಳವೂ ಅಷ್ಟೇ. ಕಾಯುವ ಹೊತ್ತು ಮಾತ್ರ ಇಮ್ಮಡಿ. ಜೋಡಿಯಾಗುವುದಕ್ಕೂ ಕಾರಣವಿದೆ. ಮುಂದಿನ ಬಸ್ಸು ಒಂದು ನಿಮಿಷ ತಡವಾದರೆ ಪ್ರತಿ ಸ್ಟಾಪಿನಲ್ಲೂ ಅದಕ್ಕಾಗಿ ಹೆಚ್ಚು ಜನ ಸೇರಿರುತ್ತಾರೆ, ಹತ್ತಿಸಿಕೊಳ್ಳುವಾಗ ಇನ್ನಷ್ಟು ತಡ. ಹಿಂದಿನದಕ್ಕೆ ಜನ ಕಡಿಮೆ, ಅದು ಬೇಗ ಬೇಗ ಬಂದು ಇದರ ಬೆನ್ನಿಗೆ ಅಂಟಿಕೊಳ್ಳುತ್ತದೆ.

ಇಷ್ಟು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಸ್ಟಾಪಿನಲ್ಲಿದೆ. ದಿನದ ಕಲೆಕ್ಷನ್ ಮೇಲೆ ಕಣ್ಣಿಟ್ಟ ಕಂಡಕ್ಟರ್ ಮುಂದಿನ ಬಸ್ಸಿನ ಜನರನ್ನು ಎತ್ತಿಕೊಳ್ಳಲು ಏನು ಮಾಡುತ್ತಾನೆ, ಎರಡು ನಿಮಿಷದ ಟೈಮಿಂಗಿಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಜಗಳ ಏಕೆ ಆಗುತ್ತದೆ, ಶಾಲೆ ಬಿಡುವ ಹೊತ್ತಿಗೆ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದೆಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಖಾಸಗಿ ಬಸ್ಸುಗಳನ್ನೇ ನಂಬಿಕೊಂಡ ಕರಾವಳಿಯಲ್ಲಿ ಯಾರು ಯಾವ ಬಸ್ಸು ಹತ್ತುತ್ತಾರೆ ಎಂಬ ಹಳೆಯ ಅಂದಾಜು ಅಲುಗಿತು. ಕೆಎಸ್‌ಆರ್‌ಟಿಸಿಯ ಹೊಸ ನಿಲ್ದಾಣ ಬನ್ನಂಜೆಯಲ್ಲಿ, ಸಿಟಿ ಮತ್ತು ಸರ್ವಿಸ್ ಬಸ್‌ಸ್ಟ್ಯಾಂಡುಗಳು ಪೇಟೆಯೊಳಗೆ, ನಡುವೆ ಚೀಲ ಹೊತ್ತ ಪ್ರಯಾಣಿಕ. ನೋಟ್‌ಬುಕ್ ಹಿಡಿದು ಒಂದು ವಾರ ಇಲ್ಲಿ ನಿಂತವರಿಗೆ ಒಂದು ಸೆಮಿಸ್ಟರಿಗಾಗುವಷ್ಟು ಪಾಠ ಸಿಗುತ್ತದೆ. ಟೊಯೋಟಾದ ತಾಯಿಚಿ ಓನೊ ತನ್ನ ಇಂಜಿನಿಯರುಗಳನ್ನು ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದ ವೃತ್ತ ಎಳೆದು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದುದು ಇಂಥದ್ದಕ್ಕೇ. ಓನೊನ ಕಥೆಯನ್ನು ನಾವು ಸ್ಲೈಡಿನಲ್ಲಿ ತೋರಿಸಿ, ಅಂಕಿಗಳನ್ನು ಮಾತ್ರ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಲು ಹೇಳುತ್ತೇವೆ. ಎಲ್ಲೋ ಇರುವ ಗೋದಾಮು, ಯಾರೋ ಸೋಸಿ ಇಟ್ಟ ಡೇಟಾ. ಕಸವೇ ಇಲ್ಲದ ಡೇಟಾದಲ್ಲಿ ಕಲಿತವರು ನಾಳೆ ಕಸದ ರಾಶಿಯ ಎದುರು ಏನು ಮಾಡುತ್ತಾರೆ?

ಕಾರ್ಕಳದ ಕಡೆಯ ಗೇರುಬೀಜ ಕಾರ್ಖಾನೆಗಳ ವಿಷಯ ಇನ್ನೂ ತುರ್ತಿನದು. ಬೀಜವನ್ನು ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ತಿರುಳನ್ನು ಬೋರ್ಮಾ ಎಂಬ ಬಿಸಿಗಾಳಿ ಗೂಡಿನಲ್ಲಿ ಒಣಗಿಸಿ, ಸಿಪ್ಪೆ ಸುಲಿದು, ಗ್ರೇಡ್ ಮಾಡುತ್ತಾರೆ. ಹಸಿ ಬೀಜದ ದರ ನಿಲ್ಲುವುದು 80 ಕೆ.ಜಿ. ಚೀಲಕ್ಕೆ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬುದರ ಮೇಲೆ. 48 ಪೌಂಡ್ ಎಂದರೆ ಹತ್ತಿರ ಹತ್ತಿರ 22 ಕೆ.ಜಿ. ಮಾರುವ ದರ ನಿಲ್ಲುವುದು ಅದರಲ್ಲಿ ಇಡಿಯಾಗಿ ಉಳಿದದ್ದೆಷ್ಟು ಎಂಬುದರ ಮೇಲೆ. 320 ಎಂಬ ಗ್ರೇಡಿನಲ್ಲಿ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು ತೂಗಬೇಕು; ಒಡೆದರೆ ಅದು ತುಂಡು, ಬೆಲೆ ಬೇರೆ. ಬೋರ್ಮಾದಲ್ಲಿ ಒಣಗಿದ್ದು ಹೆಚ್ಚಾದರೆ ತಿರುಳು ಪುಡಿಯಾಗುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡದೆ ಕೆರೆಯುವಾಗ ಒಡೆಯುತ್ತದೆ. ಜುಲೈಯ ಮಳೆಯಲ್ಲಿ ಆ ಹದ ಬೇರೆ, ಮಾರ್ಚಿನ ಸೆಖೆಯಲ್ಲಿ ಬೇರೆ. ಅದು ಗೊತ್ತಿರುವುದು ಟ್ರೇ ಎಳೆದು, ಒಂದು ತಿರುಳು ಬೆರಳಲ್ಲಿ ಒತ್ತಿ ನೋಡುವ ಹಳೆಯ ಕೆಲಸಗಾರನಿಗೆ. ಅವನ ಕೈಯ ಅಂದಾಜನ್ನು ಉಷ್ಣತೆ, ತೇವ, ಹೊತ್ತುಗಳಾಗಿ ಬರೆದಿಟ್ಟರೆ ಅದಕ್ಕಿಂತ ದೊಡ್ಡ ಪ್ರೊಸೆಸ್ ಮ್ಯಾನೇಜ್‌ಮೆಂಟ್ ಯಾವುದೂ ಇಲ್ಲ. ಅವನು ಇಂದಲ್ಲ ನಾಳೆ ಕೆಲಸ ಬಿಡುತ್ತಾನೆ. ಹಸಿ ಬೀಜ ಕಳಿಸುತ್ತಿದ್ದ ಆಫ್ರಿಕಾದ ದೇಶಗಳು ತಾವೇ ಸುಲಿಯಲು ಹೊರಟಿವೆ, ವಿಯೆಟ್ನಾಂ ಯಂತ್ರಗಳಲ್ಲಿ ಮುಂದೆ ಹೋಗಿ ಆಗಿದೆ. ಶೇಕಡಾ ಒಂದೆರಡರ ಒಡಕು ಲಾಭವನ್ನೇ ತಿಂದುಹಾಕುವ ಈ ಹೊತ್ತಿನಲ್ಲಿ ಅರ್ಧ ತಾಸಿನ ದಾರಿಯಲ್ಲಿರುವ ಆಪರೇಷನ್ಸ್ ವಿದ್ಯಾರ್ಥಿ ಬೋರ್ಮಾವನ್ನು ಕಂಡೇ ಇಲ್ಲದಿದ್ದರೆ ಅದನ್ನು ಏನೆನ್ನಬೇಕು?

ಕಾರ್ಖಾನೆಯವರು ಒಳಗೆ ಬಿಡುವುದಿಲ್ಲ ಎಂಬ ದೂರು ಉಂಟು. ಅವರನ್ನೂ ಪೂರ್ತಿ ಬೈಯುವಂತಿಲ್ಲ. ಬಂದವರಲ್ಲಿ ಹಲವರು ಕೇಳುವುದು ಲೆಟರ್‌ಹೆಡ್ ಮೇಲೊಂದು ಸರ್ಟಿಫಿಕೇಟು, ಅದರ ಮೇಲೊಂದು ಸೀಲು. ಹೋದ ವರ್ಷದವರ ರಿಪೋರ್ಟಿನಲ್ಲಿ ಕಂಪನಿಯ ಹೆಸರು ಬದಲಿಸಿದರೆ ಈ ವರ್ಷದ ರಿಪೋರ್ಟು ತಯಾರು. ವೈವಾದಲ್ಲಿ ‘ನೀವು ಹೋದ ದಿನ ಯಾವ ಯಂತ್ರ ನಿಂತಿತ್ತು?’ ಎಂದು ಕೇಳಿ ನೋಡಿ. ಯಾವ ಕಾರ್ಖಾನೆಯಲ್ಲೂ ಎಲ್ಲ ಯಂತ್ರಗಳೂ ಒಟ್ಟಿಗೆ ಓಡುತ್ತಿರುವುದಿಲ್ಲ, ಉತ್ತರ ಇರಲೇಬೇಕು.

ಇದೇ ನೆಲದಲ್ಲಿ ಹಿಂದೆ ಹೀಗಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು: ದಿನಕ್ಕೆ ಎರಡಾಣೆ, ಏಜೆಂಟ್ ಮನೆ ಬಾಗಿಲಿಗೆ. ಎರಡಾಣೆ ತರಲು ಎರಡಾಣೆಯೇ ಖರ್ಚಾದರೆ ಬ್ಯಾಂಕು ಉಳಿಯುವುದಿಲ್ಲ. ಒಬ್ಬನೇ ಏಜೆಂಟ್ ಒಂದೇ ಸುತ್ತಿನಲ್ಲಿ ಒಂದು ಬೀದಿ ಮುಗಿಸಬೇಕು, ಪುಸ್ತಕದಲ್ಲಿ ಬರೆಯುವ ಕೆಲಸ ಬಾಗಿಲಲ್ಲೇ ಆಗಿಬಿಡಬೇಕು. ಉಡುಪಿಯ ಪೇಟೆಯಲ್ಲಿ ಎಷ್ಟು ಅಂಗಡಿ, ಯಾರ ಗಲ್ಲಾಪೆಟ್ಟಿಗೆಯಲ್ಲಿ ಯಾವ ಹೊತ್ತಿಗೆ ಚಿಲ್ಲರೆ ಇರುತ್ತದೆ ಎಂದು ನಡೆದು ಅರಿತವರಿಗೆ ಮಾತ್ರ ಹೊಳೆಯುವ ಏರ್ಪಾಡು ಅದು. ಆ ಬ್ಯಾಂಕಿನಲ್ಲೇ ಪಳಗಿದ ಟಿ.ಎ. ಪೈ 1965ರಲ್ಲಿ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು. ಧಾನ್ಯ ಕೊಂಡು, ಗೋದಾಮಿನಲ್ಲಿಟ್ಟು, ರೈಲಿನಲ್ಲಿ ದೇಶದ ಆಚೆ ತುದಿಗೆ ಮುಟ್ಟಿಸುವ ಕೆಲಸ. ಮುಂದೆ ರೈಲ್ವೆ ಮಂತ್ರಿಯೂ ಆದರು. ಅವರು 1980ರಲ್ಲಿ ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಶಾಲೆ ತೆರೆದಾಗ ಅದರ ಹಿಂದೆ ಇದ್ದದ್ದು ಈ ಅನುಭವ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಅದು ಬೇರೆ ಮಾತು.

ದೇಶದ ಮಟ್ಟದಲ್ಲೂ ಒಂದು ಸೂಚನೆ ಇದೆ. ಕಾರ್ಖಾನೆಯ ನೆಲದ ವಿದ್ಯೆಗೆಂದೇ 1963ರಲ್ಲಿ ಮುಂಬಯಿಯ ಪೊವೈಯಲ್ಲಿ ಹುಟ್ಟಿದ ಎನ್‌ಐಟಿಐಇ ಎಂಬ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಸಂಸ್ಥೆ 2023ರಲ್ಲಿ ಐಐಎಂ ಮುಂಬಯಿ ಆಯಿತು. ಅಲ್ಲಿ ಆಪರೇಷನ್ಸ್ ಪಾಠ ನಿಂತಿಲ್ಲ, ನಿಲ್ಲುವುದೂ ಇಲ್ಲ. ಆದರೆ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಎಂಬ ಫಲಕಕ್ಕಿಂತ ಐಐಎಂ ಎಂಬ ಫಲಕ ಹೆಚ್ಚು ಹೊಳೆಯುತ್ತದೆ ಎಂದು ಎಲ್ಲರೂ ಒಪ್ಪಿಕೊಂಡ ಹಾಗಾಯಿತು.

ಕೆಲಸ ಸಿಗುವುದು ಬೆಂಗಳೂರಿನ ಇ-ಕಾಮರ್ಸ್ ಗೋದಾಮಿನಲ್ಲಿ, ಕನ್ಸಲ್ಟಿಂಗ್ ಕಂಪನಿಯಲ್ಲಿ. ಗೇರುಬೀಜ ನೋಡಿ ಏನು ಪ್ರಯೋಜನ ಎಂದು ಕೇಳಬಹುದು. ಊರಿನ ಕಾರ್ಖಾನೆಗಳು ಕೊಡುವ ಸಂಬಳ ಕಡಿಮೆ ಎಂಬುದೂ ನಿಜ, ಸಾಲ ತೀರಿಸಬೇಕಾದವರಿಗೆ ಇಲ್ಲೇ ಇರಿ ಎಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಒಂದು ಕೆಲಸವನ್ನು ಮೊದಲಿನಿಂದ ಕೊನೆಯ ತನಕ ಕಣ್ಣಾರೆ ಕಂಡವರು ಇನ್ನೊಂದನ್ನು ಕಾಣಬಲ್ಲರು. ಗೋದಾಮಿನಲ್ಲೂ ಜನ ನಡೆಯುತ್ತಾರೆ, ದಣಿಯುತ್ತಾರೆ, ತಪ್ಪು ಡಬ್ಬಿ ಎತ್ತುತ್ತಾರೆ. ಇದಾವುದೂ ಡ್ಯಾಶ್‌ಬೋರ್ಡಿನಲ್ಲಿ ಬರುವುದಿಲ್ಲ.

ಮಾಡಬೇಕಾದ್ದಕ್ಕೆ ಹೊಸ ಕಟ್ಟಡ ಬೇಡ. ಆಪರೇಷನ್ಸ್ ಆರಿಸಿದ ಪ್ರತಿ ವಿದ್ಯಾರ್ಥಿಗೂ ಒಂದು ಸೆಮಿಸ್ಟರಿನುದ್ದ ವಾರಕ್ಕೊಂದು ಪೂರ್ತಿ ದಿನ ಒಂದೇ ಜಾಗ ಗೊತ್ತುಮಾಡಲಿ: ಗೇರುಬೀಜ ಕಾರ್ಖಾನೆ, ಬಸ್ ಕಂಪನಿ, ಆಸ್ಪತ್ರೆಯ ಹೊರರೋಗಿ ವಿಭಾಗ, ಮಂಜುಗಡ್ಡೆ ಘಟಕ. ಅಂಕಿಗಳನ್ನು ತಾವೇ ಬರೆದುಕೊಳ್ಳಲಿ. ಪ್ರಾಜೆಕ್ಟಿನ ಅಂಕದಲ್ಲಿ ಅರ್ಧವನ್ನು ಅಲ್ಲಿನ ಮೇಸ್ತ್ರಿ, ಸೂಪರ್‌ವೈಸರ್ ಅಥವಾ ಹೆಡ್ ನರ್ಸ್ ಕೊಡಲಿ. ಯಾರು ಕೆಲಸ ನೋಡಲು ಬಂದವರು, ಯಾರು ಸೀಲಿಗೆ ಬಂದವರು ಎಂದು ಅವರಿಗೆ ಎರಡನೇ ವಾರಕ್ಕೇ ಗೊತ್ತಾಗುತ್ತದೆ. ಪಾಠ ಮಾಡುವವರೂ ರಜೆಯಲ್ಲಿ ಅದೇ ನೆಲದ ಮೇಲೆ ನಿಲ್ಲಲಿ.

ಶುರು ಮಾಡಲು ತಿಂಗಳನ್ನೂ ಕಡಲೇ ಹೇಳುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟಿನಲ್ಲಿ ಬೋಟುಗಳು ಒಟ್ಟಿಗೆ ಕಡಲಿಗಿಳಿದಾಗ ಮಲ್ಪೆಯ ಧಕ್ಕೆ, ಮಂಜುಗಡ್ಡೆ, ಲಾರಿ, ಹರಾಜು ಎಲ್ಲದರ ಮೇಲೂ ಒಟ್ಟಿಗೆ ಒತ್ತಡ ಬೀಳುತ್ತದೆ. ಸರದಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತಿಂಗಳು ಯಾವುದಿದೆ? ಈ ವರ್ಷ ಸೇರಿಸಲು ಹೋಗುವ ಪೋಷಕರು ಪ್ಲೇಸ್‌ಮೆಂಟ್ ಪಟ್ಟಿಯ ಜೊತೆಗೆ ಇದನ್ನೂ ಕೇಳಲಿ: ಆಪರೇಷನ್ಸ್ ತೆಗೆದುಕೊಂಡವರನ್ನು ಯಾವ ತಿಂಗಳು, ಎಲ್ಲಿಗೆ, ಎಷ್ಟು ದಿನ ಕಳಿಸುತ್ತೀರಿ?