ಅರ್ಧ ವಚನದ ಪ್ರವಚನ



ಕಳೆದ ಶ್ರಾವಣದಲ್ಲಿ ನಮ್ಮ ಭಾಗದ ಒಂದು ಊರಿನ ಪ್ರವಚನಕ್ಕೆ ಐದು ದಿನ ಹೋಗಿ ಕುಳಿತಿದ್ದೆ. ಊರಿನ ಹೆಸರಾಗಲಿ ಪ್ರವಚನಕಾರರ ಹೆಸರಾಗಲಿ ಇಲ್ಲಿ ಬೇಡ. ಒಬ್ಬರ ತಲೆಗೆ ಕಟ್ಟಿ ಉಳಿದವರು ಜಾರಿಕೊಳ್ಳುವಂತಾಗಬಾರದು. ನಾಲ್ಕನೆಯ ದಿನ ದೇಹವನ್ನೇ ದೇಗುಲವೆಂದ ಬಸವಣ್ಣನವರ ವಚನ ಬಂತು. ಗವಾಯಿಗಳು ಹಾಡಿದರು, ತಬಲಾ ನುಡಿಯಿತು, ಜನ ತಲೆದೂಗಿದರು. ಆಮೇಲೆ ಮುಕ್ಕಾಲು ಗಂಟೆ ಪ್ರವಚನಕಾರರು ದೇಹದ ಬಗ್ಗೆ ಮಾತಾಡಿದರು: ಗುಟಕಾ ಬಿಡಿ, ಸೆರೆ ಬಿಡಿ, ಜೋಳದ ರೊಟ್ಟಿ ತಿನ್ನಿ, ಬೆಳಗ್ಗೆ ಎದ್ದು ನಡೆಯಿರಿ. ಒಳ್ಳೆಯ ಮಾತುಗಳೇ, ಅಲ್ಲವೆನ್ನುವುದಿಲ್ಲ. ಆದರೆ ವಚನ ಮಾತ್ರ ಶಿರಸ್ಸಿನ ಕಳಸದ ಹತ್ತಿರವೇ ನಿಂತುಬಿಟ್ಟಿತು. ಸ್ಥಾವರ-ಜಂಗಮಗಳ ಕುರಿತ ಕೊನೆಯ ಮಾತು ಅವರ ಬಾಯಿಂದ ಬರಲೇ ಇಲ್ಲ.

ಹತ್ತು ನಿಮಿಷ ಕಳೆಯುವುದರೊಳಗೆ ಅದೇ ಮೈಕಿನಲ್ಲಿ ಅದೇ ದನಿಯಲ್ಲಿ ಕರೆ ಬಂತು. ಊರ ಗುಡಿಯ ಗೋಪುರ ಅರ್ಧಕ್ಕೆ ನಿಂತಿದೆ, ಮನೆಗೊಂದು ಚೀಲ ಸಿಮೆಂಟು ಬರೆಸಬೇಕು. ಹೆಣ್ಣುಮಕ್ಕಳ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತಳು. “ಅಪ್ಪಾರ, ಈಗ ಮೈನ ಗುಡಿ ಅಂದ್ರಿ. ಮತ್ತ ಈ ಗುಡಿಗೆ ಯಾಕ ರೊಕ್ಕ ಕೇಳಾಕತ್ತೀರಿ?” ಪ್ರವಚನಕಾರರು ನಕ್ಕರು. “ಯವ್ವಾ, ನಿನ್ನ ಗುಡಿಗೂ ಬಣ್ಣಾ ಹಚ್ಚಸೂಣು, ಮದಲ ಪ್ರಸಾದ ಮಾಡು” ಎಂದರು. ಮಂಟಪವೆಲ್ಲ ನಕ್ಕಿತು. ಹಾರ್ಮೋನಿಯಂ ಶುರುವಾಯಿತು. ಅಜ್ಜಿ ಕುಳಿತಳು.

ಇಲ್ಲಿ ನಡೆದದ್ದೇನು ಎಂದು ಬಿಡಿಸಿ ನೋಡಬೇಕು. ಜನರನ್ನು ಒಪ್ಪಿಸುವ ಕಲೆ ಬಸವಣ್ಣನವರಿಗೂ ಗೊತ್ತಿತ್ತು. ಈ ವಚನವೇ ಅದಕ್ಕೆ ಸಾಕ್ಷಿ. ಮೊದಲಿಗೆ ಅವರು ಶಿವಾಲಯ ಕಟ್ಟಿಸುವ ಸಿರಿವಂತರನ್ನು ನೆನೆಯುತ್ತಾರೆ, ಬೈಯುವುದಿಲ್ಲ. ಬಿಜ್ಜಳನ ಭಂಡಾರವನ್ನೇ ನೋಡಿಕೊಳ್ಳುತ್ತಿದ್ದವರು ತಮ್ಮನ್ನು ಬಡವನೆಂದು ಕರೆದುಕೊಳ್ಳುತ್ತಾರೆ. ಗುಡಿ ಕಟ್ಟಿಸಿದವನು ಇದನ್ನು ಕೇಳಿದರೆ ತನಗೇ ಹೊಗಳಿಕೆ ಬಂತೆಂದು ಬೀಗುತ್ತಾನೆ. ಆಮೇಲೆ ಕಲ್ಲಿನ ಒಂದೊಂದು ಭಾಗಕ್ಕೂ ಎದುರಾಗಿ ಮೈಯ ಒಂದೊಂದು ಅಂಗ ಬಂದು ನಿಲ್ಲುತ್ತದೆ. ಕೇಳುವವನು ಒಂದೊಂದನ್ನೂ ಒಪ್ಪುತ್ತಾ ಮೇಲೇರುತ್ತಾನೆ. ಕಳಸ ಮುಟ್ಟಿದ ಮೇಲೆ ಹಿಂದಕ್ಕೆ ಬರಲು ದಾರಿ ಇರುವುದಿಲ್ಲ. ಆಗ ಬರುತ್ತದೆ ತೀರ್ಪು: ನಿಂತದ್ದು ಮತ್ತು ನಡೆಯುವುದು, ಈ ಎರಡರಲ್ಲಿ ಉಳಿಯುವುದು ಯಾವುದು? ಇಡೀ ವಚನದ ಭಾರ ಆ ಕೊನೆಯ ಮಾತಿನ ಮೇಲೆ ಕೂತಿದೆ. ಅದನ್ನು ಕತ್ತರಿಸಿದರೆ ಉಳಿಯುವುದು ಆರೋಗ್ಯದ ಪಾಠ. ಅದನ್ನು ಹೇಳಿದ್ದರೆ ಸಿಮೆಂಟಿನ ಚೀಲ ಕೇಳಲು ಬಾಯಿ ಬರುತ್ತಿರಲಿಲ್ಲ.

ಸೋಜಿಗವೆಂದರೆ, ಆ ಕೊನೆಯ ಮಾತು ಅಲ್ಲಿ ಕುಳಿತ ಅರ್ಧಕ್ಕರ್ಧ ಜನರಿಗೆ ಬಾಯಿಪಾಠ. ಆದರೂ ಅದು ಬಿಟ್ಟುಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಗವಾಯಿಗಳು ನಡುವಿನ ಮಾತನ್ನೇ ಪಲ್ಲವಿ ಮಾಡಿ ಮೂರು ಸಲ ಎತ್ತಿ ಹಾಡಿ ಅಲ್ಲಿಗೇ ಮುಗಿಸಿದ್ದರು. ರಾಗ ಮುಗಿದಾಗ ಅರ್ಥವೂ ಮುಗಿಯಿತೆಂದು ಕಿವಿ ನಂಬಿಬಿಡುತ್ತದೆ. ಸಂಗೀತವನ್ನು ದೂರುತ್ತಿಲ್ಲ, ವಚನಗಳು ಜನರ ಬಾಯಿಗೆ ಬಂದದ್ದೇ ಹಾಡಿನಿಂದ. ಹಾಡು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಿದವರು ಯಾರು ಎಂಬುದು ನನ್ನ ಪ್ರಶ್ನೆ.

ಇನ್ನೊಂದು ವರಸೆ “ಹೌದೋ ಅಲ್ಲವೋ?” ಎಂಬುದು. ತಾಯಿ ದೊಡ್ಡವಳು, ಹೌದೋ ಅಲ್ಲವೋ? ಹೌದು. ಕುಡಿತದಿಂದ ಮನೆ ಹಾಳು, ಹೌದೋ ಅಲ್ಲವೋ? ಹೌದು. ಗುರು ದಾರಿ ತೋರುತ್ತಾನೆ, ಹೌದೋ ಅಲ್ಲವೋ? ಹೌದು. ಹಾಗಾದರೆ ಗುರುವಿನ ಮಾತು ಮೀರಬಾರದು! ಮೂರು ಹೌದುಗಳ ರಭಸಕ್ಕೆ ನಾಲ್ಕನೆಯದೂ ಕೊಚ್ಚಿಕೊಂಡು ಬರುತ್ತದೆ. ನಾಲ್ಕನೆಯದಕ್ಕೂ ಮೊದಲ ಮೂರಕ್ಕೂ ಏನು ಸಂಬಂಧ ಎಂದು ಕೇಳಲು ಉಸಿರಾಡುವಷ್ಟು ಹೊತ್ತನ್ನೂ ಕೊಡುವುದಿಲ್ಲ. ಬಸವಣ್ಣನವರೂ ಮೆಟ್ಟಿಲು ಮೆಟ್ಟಿಲಾಗಿಯೇ ಕರೆದೊಯ್ದರಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಅವರ ಕೊನೆಯ ಮೆಟ್ಟಿಲಿನಲ್ಲಿ ನಷ್ಟ ಹೇಳುವವರದೇ ಆಗಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮವರೆಂದು ಒಪ್ಪಿಕೊಂಡು ಹುಟ್ಟಿನ ಮೇಲರಿಮೆಯನ್ನು ಅವರೇ ಕಳಚಿಟ್ಟರು. ನಮ್ಮ ಪ್ರವಚನದ ಕೊನೆಯ ಮೆಟ್ಟಿಲಿನಲ್ಲಿ ನಷ್ಟ ಕೇಳುವವರದು, ತುಲಾಭಾರ ಹೇಳುವವರದು.

ಬಸವಣ್ಣನವರು ಬೈಯಬೇಕಾದಾಗ ಮೊದಲು ತಮ್ಮನ್ನೇ ಬೈದುಕೊಂಡರು. ಪ್ರವಚನದಲ್ಲಿ ಬೈಸಿಕೊಳ್ಳುವವರು ಮೊಬೈಲು ಹಿಡಿದ ಹುಡುಗರು, ಅತ್ತೆಯನ್ನು ನೋಡಿಕೊಳ್ಳದ ಸೊಸೆಯಂದಿರು, ಬೆಂಗಳೂರು ಸೇರಿದ ಮಕ್ಕಳು. ಇವರಾರೂ ವೇದಿಕೆಯ ಮೇಲಿರುವುದಿಲ್ಲ. ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತ ಗುತ್ತಿಗೆದಾರರಿಗಾಗಲಿ, ಚುನಾವಣೆಗೆ ನಿಂತವರಿಗಾಗಲಿ ಒಂದು ಮಾತೂ ತಗಲುವುದಿಲ್ಲ. ಇನ್ನು “ವಿಭೂತಿಯ ಮಹಿಮೆಯನ್ನು ವಿದೇಶದ ವಿಜ್ಞಾನಿಗಳೂ ಒಪ್ಪಿದ್ದಾರೆ” ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಯಾವ ವಿಜ್ಞಾನಿ, ಯಾವ ವರ್ಷ ಎಂದು ಒಮ್ಮೆ ಕೇಳಿ ನೋಡಿ, ಸಾಕು.

ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂಕಲಿಸಿದ ಶೂನ್ಯಸಂಪಾದನೆಯನ್ನು ತೆರೆಯಿರಿ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಎಂಥ ಕಠಿಣ ಪ್ರಶ್ನೆಗಳಿಂದ ಎದುರುಗೊಳ್ಳುತ್ತಾರೆ! ಆಕೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ, ಕೊನೆಗೆ ಪ್ರಶ್ನೆ ಕೇಳಿದವರೇ ತಲೆಬಾಗುತ್ತಾರೆ. ಅಲ್ಲಿ ಪ್ರಶ್ನೆ ಕೇಳುವುದು ಅವಮಾನವಾಗಿರಲಿಲ್ಲ, ಉತ್ತರಿಸುವುದು ಉದ್ಧಟತನವಾಗಿರಲಿಲ್ಲ. ನಮ್ಮ ಮಂಟಪದಲ್ಲಿ ಅಜ್ಜಿಯ ಒಂದು ಪ್ರಶ್ನೆಗೆ ಸಿಕ್ಕದ್ದು ನಗೆ. ಸಭೆಯಲ್ಲಿ ಒಬ್ಬರನ್ನು ಬಾಯಿ ಮುಚ್ಚಿಸಲು ನಗೆಯಷ್ಟು ಸುಲಭದ ಸಾಧನ ಇನ್ನೊಂದಿಲ್ಲ. ಗದರಿಸಿದ್ದರೆ ಯಾರಾದರೂ ಅಜ್ಜಿಯ ಪರ ನಿಲ್ಲುತ್ತಿದ್ದರು. ನಗಿಸಿದ್ದರಿಂದ ಎಲ್ಲರೂ ಪ್ರವಚನಕಾರರ ಪರವಾದರು. ನಾನೂ ನಕ್ಕೆ. ಚೀಲವೊಂದಕ್ಕೆ ಹೆಸರನ್ನೂ ಬರೆಸಿ ಬಂದೆ.

ಸುಧಾರಣೆಯ ಮಾತಾಡುವ ನಾವು ಬೇರೆಯವರೆಂದುಕೊಳ್ಳುವುದು ಬೇಡ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು. ಆ ವೇದಿಕೆಯನ್ನು ನಾವು ಇಂದು ಹೇಗೆ ಬಳಸುತ್ತಿದ್ದೇವೆ? ಅಡ್ಡಪಲ್ಲಕ್ಕಿಗೆ ಒಂದು ಬೈಗುಳ, ಪಂಚಾಂಗಕ್ಕೆ ಒಂದು, ಹೋಮಕ್ಕೆ ಒಂದು. ಪ್ರತಿ ಬೈಗುಳಕ್ಕೂ ಚಪ್ಪಾಳೆ. ಚಪ್ಪಾಳೆ ಬೀಳುವ ಕಡೆಗೇ ನಾಲಗೆ ಹೊರಳುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದ್ದೇ ವೇದಿಕೆಯಲ್ಲಿ ನಾನು ಹರಳಯ್ಯ-ಮಧುವರಸರ ಮಕ್ಕಳ ಮದುವೆಯ ಕಥೆ ಹೇಳಿ, ದನಿ ನಡುಗಿಸಿ, ಜನರ ಕಣ್ಣಲ್ಲಿ ನೀರು ತರಿಸಿದೆ. ಅದೇ ಚಳಿಗಾಲದಲ್ಲಿ ತಮ್ಮನ ಮಗಳಿಗೆ ವರ ನೋಡುವಾಗ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, “ಅವರು ನಮ್ಮ ಪಂಗಡದವರೇನು?” ಆ ಭಾಷಣದಲ್ಲೂ ಒಂದು ಮಾತು ಬಿಟ್ಟುಹೋಗಿತ್ತು, ನನ್ನ ಮನೆಯ ಮಾತು.

ಹಿಂದೆ ವಚನಗಳು ತಾಳೆಗರಿಯ ಕಟ್ಟುಗಳಲ್ಲಿದ್ದಾಗ ಹೇಳಿದವರು ಹೇಳಿದ್ದೇ ವಚನ. ತಾಳೆ ನೋಡಲು ಸಾಮಾನ್ಯ ಭಕ್ತನಿಗೆ ದಾರಿ ಇರಲಿಲ್ಲ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು. 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಬಂದವು, ಒಟ್ಟು 15. ಎಷ್ಟೋ ಮಠಗಳ ಕಪಾಟಿನಲ್ಲಿ ಅವು ಇವೆ. ಈಗ ಅರ್ಧ ವಚನಕ್ಕೆ ಮೋಸ ಹೋದರೆ ತಪ್ಪು ಹೇಳಿದವರದಷ್ಟೇ ಅಲ್ಲ.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟು. ಆ ದಿನದ ವಚನವನ್ನು ಅಂಕಿತದವರೆಗೆ ಪೂರ್ತಿಯಾಗಿ ಹಲಗೆಯ ಮೇಲೆ ಬರೆದು ಮಂಟಪದಲ್ಲಿ ಇಡಿಸಿ. ಪ್ರವಚನ ಮುಗಿದ ಮೇಲೆ ಅರ್ಧ ಗಂಟೆ ಮೈಕನ್ನು ಕೆಳಕ್ಕೆ ಕಳಿಸಿ, ಮೊದಲು ಹೆಣ್ಣುಮಕ್ಕಳ ಕಡೆಗೆ. ಕಾಣಿಕೆಯ ಕರೆ ಅದೇ ವೇದಿಕೆಯಿಂದ ಅದೇ ದಿನ ಬೇಡ. ಜನ ಬೇಸತ್ತು ಎದ್ದುಹೋಗುತ್ತಾರೆಂಬ ಅಂಜಿಕೆ ಇದ್ದವರು 2019ರ ಆಗಸ್ಟನ್ನು ನೆನೆಯಬೇಕು. ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿಯವರು ‘ಮತ್ತೆ ಕಲ್ಯಾಣ’ಕ್ಕಾಗಿ ಜಿಲ್ಲೆಗಳನ್ನು ಸುತ್ತಿದಾಗ ವಿದ್ಯಾರ್ಥಿಗಳೊಡನೆ ಸಂವಾದ ನಡೆಸಿದರು. ಪ್ರಶ್ನೆಗಳಿಂದ ಯಾವ ಪೀಠವೂ ಅಲುಗಲಿಲ್ಲ.

ಈ ಶ್ರಾವಣಕ್ಕೆ ನಮ್ಮೂರ ಗೆಳೆಯರು ನಾಲ್ಕು ಅಡಿಯ ಹಲಗೆಯೊಂದನ್ನು ಮಾಡಿಸಿದ್ದಾರೆ. ಮೊದಲ ದಿನ ಬರೆಯಬೇಕಾದ ವಚನ ಯಾವುದೆಂದು ಹೇಳಬೇಕಾಗಿಲ್ಲ. ಅದನ್ನು ಓದಲು ಆ ಅಜ್ಜಿಯನ್ನೇ ಕರೆದಿದ್ದೇವೆ. ಕಣ್ಣು ಮಂಜು, ಹಲಗೆ ಕಾಣುವುದಿಲ್ಲ ಎಂದಳು. ಕೊನೆಯ ಮಾತಿಗೆ ಹಲಗೆ ಬೇಕಾಗಿಲ್ಲ ಎಂದೂ ಹೇಳಿದಳು.